ಹೊಸ ಲ್ಯಾಪ್‌ಟಾಪ್: ಓಎಲ್‌ಇಡಿ ಸ್ಕ್ರೀನಿಂದು ತಗೊಂಡ್ರೆ 6-7 ವರ್ಷ ಬಾಳಿಕೆ ಬರುತ್ತಾ, ಇಲ್ಲ ಐಪಿಎಸ್ಸೇ ವಾಸಿನಾ?

ಮಂಡಿಲೆಕ್ಕ (ಶಿರಸಿ)

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬರೀ ಓದ್ಕೊಂಡಿದ್ದೆ, ಇವತ್ತು ಕೇಳೋ ಪರಿಸ್ಥಿತಿ ಬಂತು. ನಾನು ಒಂದು ಅಡಿಕೆ ಮಂಡಿಲಿ ಲೆಕ್ಕ ಬರಿಯೋನು. ಬೆಳಿಗ್ಗೆ 10ಕ್ಕೆ ಟ್ಯಾಲಿ (ಲೆಕ್ಕ ಬರೆಯೋ ಸಾಫ್ಟ್‌ವೇರು) ಓಪನ್ ಮಾಡಿದ್ರೆ ಸಂಜೆ 6ರ ತನಕ ಅದೇ ಸ್ಕ್ರೀನು, ನಡುನಡುವೆ ಎಕ್ಸೆಲ್ಲು, ಜಿಎಸ್‌ಟಿ ಪೋರ್ಟಲ್ಲು, ಅಷ್ಟೇ ಪ್ರಪಂಚ. ರಾತ್ರಿ ಮನೆಗೆ ಬಂದ್ಮೇಲೆ ಅದೇ ಲ್ಯಾಪ್‌ಟಾಪಲ್ಲಿ ಒಂದು ಸಿನಿಮಾನೋ ಯಕ್ಷಗಾನದ ವಿಡಿಯೋನೋ ನೋಡ್ತೀನಿ, ಮಗಳು ಚಿತ್ರ ಬಿಡಿಸೋದಕ್ಕೆ ಕಿತ್ಕೊಳ್ತಾಳೆ.

ಹಳೇದು ಹೋಗಿದ್ದು ಹೆಂಗೆ ಅಂತ ಹೇಳಿದ್ರೆ ನಗ್ತೀರಾ. ನಮ್ಮ ಯಜಮಾನರು ಯಾರೋ ವ್ಯಾಪಾರಿಗೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಸ್ಯಾಂಪಲ್ ತೋರಿಸ್ತಿದ್ರು, ಮೇಜಿನ ಮೇಲೆ ಜಾಗ ಇಲ್ಲ ಅಂತ ಒಡೆದ ಅಡಿಕೆ ಹೋಳು ಒಂದನ್ನ ನನ್ನ ಕೀಬೋರ್ಡ್ ಮೇಲೇ ಇಟ್ಬಿಟ್ಟಿದಾರೆ, ಅಷ್ಟೊತ್ತಿಗೆ ಸರಿಯಾಗಿ ಕರೆಂಟ್ ಹೋಯ್ತು, ಇನ್ನೇನು ಇದರ ಕೆಲಸ ಅಂತ ಅವರೇ ಟಪ್ ಅಂತ ಮುಚ್ಚಿದ್ರು. ಮತ್ತೆ ತೆಗೆದು ನೋಡ್ತೀನಿ, ಎಂಟರ್ ಕೀ ನೇರಕ್ಕೆ ಸ್ಕ್ರೀನ್ ಮೇಲೆ ಜೇಡರ ಬಲೆ, ಅದರ ಬಲಗಡೆಗೆ ಎಲ್ಲಾ ಕಪ್ಪು. ಏಳು ವರ್ಷ ಹಳೇ ಮಷಿನ್ನು, ಹಿಂಜ್ (ಮುಚ್ಚಳದ ಕೀಲು) ಕೂಡ ಬಿಟ್ಕೊಂಡಿತ್ತು, ರಿಪೇರಿಗೆ ದುಡ್ಡು ಹಾಕೋದು ಬೇಡ ಹೊಸದು ತಗೋ ಅಂತ ಯಜಮಾನರೇ ಅರ್ಧ ಕೊಡ್ತೀನಿ ಅಂದಿದಾರೆ (ತಪ್ಪಿತಸ್ಥ ಭಾವನೆ ಇರಬೇಕು).

ಬಜೆಟ್ 70-75 ಸಾವಿರ. ಹುಬ್ಬಳ್ಳಿಗೆ ಹೋಗಿ ಶೋರೂಮಲ್ಲಿ ನೋಡ್ಕೊಂಡು ಬಂದೆ. ಒಂದು 14 ಇಂಚಿನ ಓಎಲ್‌ಇಡಿ ಇಟ್ಟಿದಾರೆ ಸಾರ್, ಅದರ ಕಪ್ಪು ನೋಡಿ ತಲೆ ಕೆಟ್ಟೋಯ್ತು, ಪಕ್ಕದಲ್ಲಿದ್ದ ಐಪಿಎಸ್ ನೋಡಿದ್ರೆ ಮಸಿ ಬಟ್ಟೆ ಒರೆಸಿದ ಹಾಗೆ. ಆದ್ರೆ ಜೊತೆಲಿ ಬಂದಿದ್ದ ನಮ್ಮ ಭಾವ, ಓಎಲ್‌ಇಡಿ ಮೂರೇ ವರ್ಷ, ಆಮೇಲೆ ಸ್ಕ್ರೀನ್ ಮೇಲೆ ಅಚ್ಚು ಬೀಳುತ್ತೆ ಅಂತ ಹೆದರಿಸಿದ್ದಾನೆ. ಸೇಲ್ಸ್ ಹುಡುಗ ಅದೆಲ್ಲ ಹಳೇ ಕಾಲದ ಮಾತು ಅಂತಾನೆ. ನನಗೆ ಬೇಕಿರೋದು ಇಷ್ಟೇ, ಇನ್ನು ಆರೇಳು ವರ್ಷ ಸ್ಕ್ರೀನ್ ಬಗ್ಗೆ ಯೋಚನೆ ಮಾಡಬಾರ್ದು. ಯಾವ್ದು ತಗೊಳ್ಲಿ? ಬಳಸಿದವರು ಹೇಳಿ, ಯೂಟ್ಯೂಬ್ ರಿವ್ಯೂ ಲಿಂಕ್ ಕೊಡ್ಬೇಡಿ ದಯವಿಟ್ಟು, ಅವರು ಎರಡು ವಾರ ಇಟ್ಕೊಂಡು ವಾಪಸ್ ಕೊಡೋರು.

---

ರೆಂಡರ್_ರಾಯ (ಮೈಸೂರು)

ಗುರು ಕಣ್ಮುಚ್ಕೊಂಡು ಓಎಲ್‌ಇಡಿ ತಗೋ. ನಾನು ಮದುವೆ ವಿಡಿಯೋ ಎಡಿಟ್ ಮಾಡೋನು, ಮೂರು ವರ್ಷ ಆಯ್ತು, ದಿನಕ್ಕೆ ಹತ್ತು ಗಂಟೆ ಹೊಡೀತೀನಿ, ಒಂದು ಅಚ್ಚೂ ಇಲ್ಲ ಗಿಚ್ಚೂ ಇಲ್ಲ. ಟಾಸ್ಕ್‌ಬಾರ್ ಆಟೋ ಹೈಡ್ ಮಾಡು, ಡಾರ್ಕ್ ಮೋಡ್ ಹಾಕು, ಎರಡು ನಿಮಿಷಕ್ಕೆ ಸ್ಕ್ರೀನ್ ಆಫ್ ಆಗೋ ಹಾಗೆ ಇಡು, ಮುಗೀತು. ಈಗಿನ ಲ್ಯಾಪ್‌ಟಾಪಲ್ಲಿ ಪಿಕ್ಸೆಲ್ ಶಿಫ್ಟ್ ಅಂತ ಇರುತ್ತೆ, ಇಡೀ ಚಿತ್ರನ ಆಗಾಗ ಒಂದೆರಡು ಪಿಕ್ಸೆಲ್ ಅತ್ಲಾಗೆ ಇತ್ಲಾಗೆ ಸರಿಸ್ತಾ ಇರುತ್ತೆ, ನಿಂಗೆ ಗೊತ್ತೂ ಆಗಲ್ಲ. ಒಂದ್ಸಲ ಓಎಲ್‌ಇಡಿ ನೋಡಿದ ಕಣ್ಣಿಗೆ ಐಪಿಎಸ್ ಅಂದ್ರೆ ಗೋಡೆ ಮೇಲೆ ಟಾರ್ಚ್ ಬಿಟ್ಟ ಹಾಗೆ ಕಾಣುತ್ತೆ.

---

ಪ್ಯಾನೆಲ್‌ಡಾಕ್ಟರ್ (ಬೆಂಗಳೂರು)

ಎಸ್‌ಪಿ ರೋಡ್ ಹತ್ರ ರಿಪೇರಿ ಮಾಡ್ಕೊಂಡಿದೀನಿ, ಸಿಸಿಎಫ್‌ಎಲ್ ಟ್ಯೂಬಿನ ಕಾಲದಿಂದ. ಈಗಿನ ಹುಡುಗ್ರಿಗೆ ಗೊತ್ತಿಲ್ಲ, ಆಗ ಸ್ಕ್ರೀನ್ ಹಿಂದೆ ಪೆನ್ನಿನ ರೀಫಿಲ್ ಥರದ ಸಣ್ಣ ಟ್ಯೂಬ್‌ಲೈಟ್ ಇರ್ತಿತ್ತು, ವಯಸ್ಸಾದ್ರೆ ಆನ್ ಮಾಡಿದ ತಕ್ಷಣ ಸ್ಕ್ರೀನು ಕೆಂಪಗೆ ಕಾಣೋದು, ಆಮೇಲೆ ಒಂದಿನ ಇನ್ವರ್ಟರ್ ಬೋರ್ಡ್ ಸುಟ್ಕೊಳ್ಳೋದು. ಅದೆಲ್ಲ ಹೋಗಿ ಎಲ್‌ಇಡಿ ಬ್ಯಾಕ್‌ಲೈಟ್ ಬಂದ್ಮೇಲೆ ನಮಗೆ ಅರ್ಧ ಕೆಲಸ ಹೋಯ್ತು. ಅಡಿಕೆ ಹೋಳಿಂದ ಒಡೆದಿರೋದು ಮಾತ್ರ ಇದೇ ಮೊದಲು ಕೇಳ್ತಿರೋದು ಸಾರ್, ನಮ್ಮಲ್ಲಿಗೆ ಬರೋದು ಇಯರ್‌ಫೋನು, ಪೆನ್ನು, ಒಂದ್ಸಲ ಉಂಗುರ.

ಮಂಡಿಲೆಕ್ಕ ಅವ್ರೇ, ನೀವು ಎರಡು ಬೇರೆ ಬೇರೆ ಪ್ರಶ್ನೆನ ಒಂದೇ ಗಂಟಲ್ಲಿ ಕಟ್ಟಿದೀರ. ಸ್ಕ್ರೀನ್ ಸವೆಯೋದು ಬೇರೆ, ಸ್ಕ್ರೀನ್ ಸಾಯೋದು ಬೇರೆ. ಲೆಕ್ಕ ಬರೆದಿಟ್ಟಿಲ್ಲ, ಆದ್ರೆ ನನ್ನ ಟೇಬಲ್ಲಿಗೆ ಬರೋ ಲ್ಯಾಪ್‌ಟಾಪಲ್ಲಿ ಬಹುಪಾಲು ಸ್ಕ್ರೀನು ಸತ್ತಿರೋದು ಒತ್ತಡದಿಂದ, ಬೀಳಿಸಿದ್ದರಿಂದ, ಹಿಂಜ್ ಕಿತ್ತು ಕೇಬಲ್ ತಿಂದಿರೋದ್ರಿಂದ. ಪ್ಯಾನೆಲ್ ಐಪಿಎಸ್ಸೋ ಓಎಲ್‌ಇಡಿನೋ ಅಂತ ಅಡಿಕೆ ಹೋಳು ಕೇಳಲ್ಲ.

ಆದ್ರೂ ಸವೆಯೋದರ ಬಗ್ಗೆ ಕೇಳಿದೀರಲ್ಲ, ಹೇಳ್ತೀನಿ. ಐಪಿಎಸ್ ಅಂದ್ರೆ ಎಲ್‌ಸಿಡಿ, ಪಿಕ್ಸೆಲ್‌ಗಳಿಗೆ ಸ್ವಂತ ಬೆಳಕಿಲ್ಲ, ಅವು ಬರೀ ಕಿಟಕಿ ಬಾಗಿಲು. ಬೆಳಕು ಬರೋದು ಅಂಚಲ್ಲಿ ಸಾಲಾಗಿ ಕೂರಿಸಿರೋ ಎಲ್‌ಇಡಿಗಳಿಂದ. ಸವೆಯೋದು ಆ ಎಲ್‌ಇಡಿ. ಹಲವು ನೋಟ್‌ಬುಕ್ ಪ್ಯಾನೆಲ್‌ಗಳ ಡೇಟಾಶೀಟಲ್ಲಿ ಬ್ಯಾಕ್‌ಲೈಟ್ ಆಯುಷ್ಯ 15,000 ಗಂಟೆ ಅಂತ ಬರೆದಿರ್ತಾರೆ, ಅಂದ್ರೆ ಅಷ್ಟು ಹೊತ್ತು ಫುಲ್ ಕರೆಂಟಲ್ಲಿ ಉರಿದ ಮೇಲೆ ಬೆಳಕು ಅರ್ಧಕ್ಕೆ ಇಳಿಯುತ್ತೆ ಅಂತ, ಆಫ್ ಆಗುತ್ತೆ ಅಂತಲ್ಲ. ನಿಮ್ಮ ಲೆಕ್ಕಕ್ಕೆ ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ, 2,400 ಗಂಟೆ. ಫುಲ್ ಬ್ರೈಟ್‌ನೆಸಲ್ಲೇ ಇಟ್ರೂ ಆರು ವರ್ಷದ ಮೇಲಾಯ್ತು, ಮಂಡಿ ಒಳಗಡೆ ಕತ್ತಲಲ್ಲಿ ನೀವು ಅರ್ಧಕ್ಕಿಂತ ಜಾಸ್ತಿ ಇಡಲ್ಲ, ಹಂಗಾಗಿ ಇನ್ನೂ ಜಾಸ್ತಿ. ಮುಖ್ಯ ವಿಷಯ ಏನಂದ್ರೆ ಇಡೀ ಸ್ಕ್ರೀನು ಒಟ್ಟಿಗೆ ಮಂಕಾಗುತ್ತೆ, ಒಂದು ಮೂಲೆ ಬೇರೆ ಇನ್ನೊಂದು ಮೂಲೆ ಬೇರೆ ಅಂತಿಲ್ಲ, ಅದಕ್ಕೇ ಯಾರೂ ಗಮನಿಸಲ್ಲ.

ಓಎಲ್‌ಇಡಿಲಿ ಒಂದೊಂದು ಪಿಕ್ಸೆಲ್ಲೂ ತಾನೇ ಉರಿಯೋ ದೀಪ. ಸಾವಯವ ವಸ್ತು ಅದು, ಉರಿದಷ್ಟೂ ಸವೆಯುತ್ತೆ, ಅದರಲ್ಲೂ ನೀಲಿ ಬಣ್ಣದ್ದು ಎಲ್ಲಕ್ಕಿಂತ ಬೇಗ. ಕೊಡಾಕ್ ಕಂಪನಿಯ ಇಬ್ರು 1987ರಲ್ಲಿ ಇದನ್ನ ಮಾಡಿ ತೋರಿಸಿದಾಗಿಂದ ಇವತ್ತಿನ ತನಕ ಎಲ್ಲರ ತಲೆನೋವು ಈ ನೀಲಿನೇ. ದೇವಸ್ಥಾನದ ಮೆಟ್ಲು ನೋಡಿದೀರಲ್ಲ, ಜನ ಕಾಲಿಡೋ ಜಾಗ ಮಾತ್ರ ಗುಳಿ ಬಿದ್ದಿರುತ್ತೆ, ಅಂಚು ಹೊಸದಾಗೇ ಇರುತ್ತೆ. ನಿಮ್ಮ ಭಾವ ಹೇಳಿದ ಅಚ್ಚು, ಇಂಗ್ಲಿಷಲ್ಲಿ ಬರ್ನ್‌ಇನ್, ಅಂದ್ರೆ ಅಷ್ಟೇ, ಸುಟ್ಟಿರೋದಲ್ಲ, ಸವಕಲು. ಟ್ಯಾಕ್ಸಿ ಡ್ರೈವರ್‌ಗಳ ಫೋನ್ ನೋಡಿ ಬೇಕಾದ್ರೆ, ಮ್ಯಾಪ್ ಮುಚ್ಚಿದ್ರೂ ಅದರ ಪಟ್ಟಿ ಮಂಕಾಗಿ ಕಾಣ್ತಾನೇ ಇರುತ್ತೆ.

ಈಗ ನಿಮ್ಮ ಟ್ಯಾಲಿ ಪ್ರೈಮ್ ತಗೊಳ್ಳಿ. ಬಲಗಡೆ ಎಫ್2, ಎಫ್3 ಅಂತ ಉದ್ದಕ್ಕೆ ಬಟನ್ ಸಾಲು, ಮೇಲ್ಗಡೆ ಮೆನು ಪಟ್ಟಿ, ಬಿಳಿ ಹಿನ್ನೆಲೆ, ದಿನಕ್ಕೆ 8 ಗಂಟೆ ಅಲ್ಲಾಡಲ್ಲ. ಓಎಲ್‌ಇಡಿಗೆ ಇದಕ್ಕಿಂತ ಕೆಟ್ಟ ಊಟ ಇಲ್ಲ. ಬಿಳಿ ಪೇಜ್ ತೋರಿಸೋವಾಗ ಬ್ಯಾಟರಿನೂ ಜಾಸ್ತಿ ಕುಡಿಯುತ್ತೆ, ಕರೆಂಟ್ ಹೋಗೋ ಊರು ಬೇರೆ ನಿಮ್ದು.

ರೆಂಡರ್_ರಾಯ ಅವ್ರಿಗೆ ಒಂದ್ ಮಾತು. ಅಚ್ಚಿಲ್ಲ ಅಂತ ಡಾರ್ಕ್ ಮೋಡಲ್ಲಿ ನೋಡಿ ಹೇಳ್ಬೇಡಿ. ಪೂರ್ತಿ ಬೂದು ಬಣ್ಣದ ಒಂದು ಇಮೇಜ್ ಮಾಡ್ಕೊಳ್ಳಿ, ಫುಲ್ ಸ್ಕ್ರೀನ್ ಹಾಕಿ, ಲೈಟ್ ಆಫ್ ಮಾಡಿ ಎರಡಡಿ ಹಿಂದೆ ಕೂತು ನೋಡಿ, ಆಮೇಲೆ ಬನ್ನಿ.

---

ರೆಂಡರ್_ರಾಯ

ಡಾಕ್ಟ್ರೇ ನೀವು ಬರೀ ಕೆಟ್ಟಿರೋದನ್ನೇ ನೋಡೋರು, ಆಸ್ಪತ್ರೆ ಡಾಕ್ಟರಿಗೆ ಊರೆಲ್ಲ ರೋಗಿಗಳೇ ಕಾಣ್ತಾರೆ. ಆಯ್ತು ಮಾಡಿ ನೋಡ್ತೀನಿ.

ಆದ್ರೆ ಒಂದು ಒಪ್ಕೋಬೇಕು, ಓಎಲ್‌ಇಡಿ ನಿಂತಲ್ಲೇ ನಿಂತಿಲ್ಲ. ಆರ್‌ಟಿಂಗ್ಸ್‌ನವರು (ಟಿವಿ ಪರೀಕ್ಷೆ ಮಾಡೋ ವೆಬ್‌ಸೈಟು) 2018ರಲ್ಲಿ ಒಂದೇ ಥರದ ಆರು ಓಎಲ್‌ಇಡಿ ಟಿವಿ ಸಾಲಾಗಿಟ್ಟು ದಿನಕ್ಕೆ 20 ಗಂಟೆ ಓಡಿಸಿದ್ರಲ್ಲ, ಅದರಲ್ಲಿ ನ್ಯೂಸ್ ಚಾನೆಲ್ ಹಾಕಿದ್ದಕ್ಕೆ ಅಚ್ಚು ಬಿತ್ತು ನಿಜ, ಆದ್ರೆ ದೃಶ್ಯ ಬದಲಾಗ್ತಾ ಇದ್ದ ಕಂಟೆಂಟ್ ಓಡಿಸಿದ್ದಕ್ಕೆ ಹಂಗೆ ಆಗ್ಲಿಲ್ಲ. ಈಗ ಎರಡು ಪದರ ಒಂದರ ಮೇಲೊಂದು ಜೋಡಿಸೋ ಟ್ಯಾಂಡೆಮ್ ಓಎಲ್‌ಇಡಿ ಬಂದಿದೆ, 2024ರ ಐಪ್ಯಾಡ್ ಪ್ರೋಲಿ ಇದೆ, ಕೆಲವು ದುಬಾರಿ ಲ್ಯಾಪ್‌ಟಾಪಲ್ಲೂ ಇದೆ, ಒಂದೇ ಬೆಳಕನ್ನ ಇಬ್ರು ಹಂಚ್ಕೊಂಡು ಹೊರೋದ್ರಿಂದ ಒಂದೊಂದು ಪದರದ ಮೇಲೂ ಭಾರ ಕಮ್ಮಿ.

---

ಪ್ಯಾನೆಲ್‌ಡಾಕ್ಟರ್

ಟ್ಯಾಂಡೆಮ್ ಒಳ್ಳೇದೇ, ಯಾರು ಇಲ್ಲ ಅಂದ್ರು, 75 ಸಾವಿರಕ್ಕೆ ಕೊಡಿಸಿ ನೋಡೋಣ. ಟ್ಯಾಲಿ ಅಂದ್ರೆ ನ್ಯೂಸ್ ಚಾನೆಲ್ ಇದ್ದ ಹಾಗೆ, ಅದಕ್ಕಿಂತ ಒಂದು ಕೈ ಮೇಲೇನೇ.

---

ಕಡಲ್ಕರೆ (ಮಂಗಳೂರು)

ನಾನು ಓಎಲ್‌ಇಡಿ ತಗೊಂಡು ಒಂದೂವರೆ ವರ್ಷಕ್ಕೆ ಮಾರಿದವ. ಅಚ್ಚು ಬಿದ್ದು ಅಲ್ಲ ಮಾರಾಯ್ರೆ, ತಲೆನೋವಿಗೆ. ರಾತ್ರಿ ಬ್ರೈಟ್‌ನೆಸ್ ಇಳಿಸಿ ಕೆಲಸ ಮಾಡಿದ್ರೆ ಅರ್ಧ ಗಂಟೆಗೆ ಕಣ್ಣಿನ ಹಿಂದೆ ಎಂತದೋ ಒತ್ತಿದ ಹಾಗೆ. ಆಮೇಲೆ ಗೊತ್ತಾಯ್ತು ಪಿಡಬ್ಲ್ಯೂಎಂ ಅಂತ ಉಂಟಲ್ಲ, ಬೆಳಕು ಕಮ್ಮಿ ಮಾಡ್ಲಿಕ್ಕೆ ಸ್ಕ್ರೀನನ್ನ ಸೆಕೆಂಡಿಗೆ ಇನ್ನೂರು ಚಿಲ್ಲರೆ ಸರ್ತಿ ಆನ್ ಆಫ್ ಮಾಡ್ತದೆ, ನನ್ನದರಲ್ಲಿ 240 ಇತ್ತು. ಎಲ್ಲರಿಗೂ ಹೀಗೆ ಆಗುದಿಲ್ಲ, ನನ್ನ ಹೆಂಡತಿ ಅದರಲ್ಲೇ ಮೂರು ಗಂಟೆ ಸೀರಿಯಲ್ ನೋಡ್ತಿದ್ಳು, ಅವಳಿಗೆ ಎಂತದೂ ಇಲ್ಲ. ಅಂಗಡಿಯಲ್ಲಿ ಬ್ರೈಟ್‌ನೆಸ್ ಕಾಲು ಭಾಗಕ್ಕೆ ಇಳಿಸಿ ಫೋನ್ ಕ್ಯಾಮೆರಾದ ಸ್ಲೋ ಮೋಶನಲ್ಲಿ ಹಿಡಿದು ನೋಡಿ, ಪಟ್ಟೆ ಪಟ್ಟೆ ಓಡಿದ್ರೆ ಅದೇ. ದಿನಕ್ಕೆ ಎಂಟು ಗಂಟೆ ಅಂಕೆ ನೋಡುವವರು ಇದನ್ನ ನೋಡದೆ ತಗೋಬೇಡಿ.

ಇನ್ನೊಂದು, ನಿಮ್ಮ ಶಿರಸಿಯಲ್ಲೂ ಮಳೆ ಜೋರೇ. ನಮ್ಮಲ್ಲಿ ಉಪ್ಪುಗಾಳಿ ಬೇರೆ. ಜೂನಿಂದ ಸೆಪ್ಟೆಂಬರ್ ತನಕ ಲ್ಯಾಪ್‌ಟಾಪ್ ಬಳಸದೆ ಕಪಾಟಲ್ಲಿ ಇಟ್ರೆ ಹಾಳಾಗುದು ಜಾಸ್ತಿ, ದಿನಾ ಬಳಸಿದ್ರೆ ಅದರ ಬಿಸಿಗೇ ಒಣಗಿ ಇರ್ತದೆ. ಬ್ಯಾಗಿಗೆ ಎರಡು ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿ. ಮತ್ತೆ ಸ್ಕ್ರೀನ್ ಒರೆಸುವಾಗ ದಯವಿಟ್ಟು ಕಿಟಕಿ ಗಾಜಿನ ನೀಲಿ ದ್ರವ ಚುಯ್ಯಂತ ಹೊಡಿಬೇಡಿ ಆಯ್ತಾ. ನಮ್ಮ ಆಫೀಸಿನ ಹುಡುಗ ಹಾಗೇ ಹೊಡೆದ, ಅದು ಮೆಲ್ಲಗೆ ಇಳಿದು ಕೆಳಗಿನ ಅಂಚಿನ ಸಂದಿಗೆ ಹೋಯ್ತು, ಮರುದಿನ ಉದ್ದಕ್ಕೆ ನಾಲ್ಕು ಗೆರೆ, ಒಂದು ಹಸಿರು ಮೂರು ಬಿಳಿ.

---

ಪ್ಯಾನೆಲ್‌ಡಾಕ್ಟರ್

ಕರೆಕ್ಟ್. ಪ್ಯಾನೆಲ್ಲಿನ ಡ್ರೈವರ್ ಬೋರ್ಡು ಇರೋದೇ ಕೆಳಗಿನ ಅಂಚಲ್ಲಿ, ನೀರು ಇಳಿಯೋದೂ ಅಲ್ಲಿಗೇ. ಬಟ್ಟೆಗೆ ಹಾಕ್ಕೊಂಡು ಒರೆಸ್ಬೇಕು, ಸ್ಕ್ರೀನಿಗೆ ಹಾಕಬಾರ್ದು. ಬರೀ ಮೈಕ್ರೋಫೈಬರ್ ಬಟ್ಟೆ, ಸ್ವಲ್ಪ ಡಿಸ್ಟಿಲ್ಡ್ ವಾಟರ್ ಸಾಕು, ಬ್ಯಾಟರಿಗೆ ಹಾಕೋ ನೀರು ಅಂತ ಪೆಟ್ರೋಲ್ ಬಂಕಲ್ಲಿ ಸಿಗುತ್ತಲ್ಲ ಅದೇ. ಖಾರದ ಕ್ಲೀನರ್ ಹಾಕಿದ್ರೆ ಮೇಲಿನ ಕೋಟಿಂಗ್ ಎದ್ದು ಹೋಗುತ್ತೆ, ಆಮೇಲೆ ಅದು ಚರ್ಮ ಸುಲಿದ ಹಾಗೆ ಕಾಣುತ್ತೆ, ಪಾಲಿಶ್ ಗೀಲಿಶ್ ಯಾವ್ದೂ ನಡಿಯಲ್ಲ.

---

ಮಂಡಿಲೆಕ್ಕ

ಇಷ್ಟೆಲ್ಲ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಟ್ಯಾಲಿ ಬಟನ್ ಸಾಲಿನ ವಿಷಯ ಓದಿ ಎದೆ ಧಸಕ್ ಅಂತು, ಹೌದಲ್ಲ, ಎಫ್8 ಸೇಲ್ಸ್ ಅಂತ ಸ್ಕ್ರೀನ್ ಮೇಲೆ ಜನ್ಮಪೂರ್ತಿ ಕೂತ್ಕೊಳ್ಳುತ್ತೆ. ಆದ್ರೂ ಆ ಕಪ್ಪು ಮನಸಿಂದ ಹೋಗ್ತಿಲ್ಲ ಸಾರ್. ಶೋರೂಮಲ್ಲಿ ಆ ಐಪಿಎಸ್ ಯಾಕೆ ಅಷ್ಟು ಸಪ್ಪೆ ಕಾಣ್ತಿತ್ತು? ಎಲ್ಲಾ ಐಪಿಎಸ್ಸೂ ಹಂಗೇನಾ? ಇನ್ನೊಂದು, ಮಗಳು ಟಚ್‌ಸ್ಕ್ರೀನ್ ಬೇಕು ಅಂತಿದಾಳೆ, ಗಾಜು ಇರೋದ್ರಿಂದ ಗಟ್ಟಿ ಅಂತ ಭಾವ ಹೇಳ್ದ (ಅವನಿಗೆ ಎಲ್ಲಾ ಗೊತ್ತು).

---

ಪೇಢೆ_ಪ್ರೊಫೆಸರ್ (ಧಾರವಾಡ)

ನಿಮ್ಮ ಭಾವಗೆ ಅರ್ಧ ಗೊತ್ತೈತ್ರಿ. ನಾ ಒಂದು ಕಾಲೇಜಿನ ಲ್ಯಾಬ್ ನೋಡ್ಕೊತೀನಿ, ನಲವತ್ತು ಲ್ಯಾಪ್‌ಟಾಪ್ ಅದಾವು, ಹುಡುಗ್ರ ಕೈಯಾಗ ಸಿಕ್ಕು ಏನೇನು ಆಗಬಾರ್ದೋ ಎಲ್ಲಾ ಆಗ್ಯಾವು. ಟಚ್ ಅಂದ್ರ ಮ್ಯಾಲ ಗಾಜು ಇರ್ತೈತಿ, ಪೆನ್ ಚುಚ್ಚಿದ್ರ, ಬಟ್ಟು ಒತ್ತಿದ್ರ ತಡೀತೈತಿ, ಅದು ಖರೇ. ಆದ್ರ ಗಾಜು ಒಡದ್ರ ಬರೀ ಗಾಜು ಬದಲಿಸೂ ಮಾತಿಲ್ಲ, ಗಾಜಿಗೆ ಪ್ಯಾನೆಲ್ ಅಂಟಿಸಿರ್ತಾರ, ಇಡೀ ಮ್ಯಾಲಿನ ಜೋಡಣೆನ ಬದಲಿಸಬೇಕಾಗ್ತೈತಿ. ಮತ್ತ ಆ ಗಾಜಿನ ಭಾರ ಎಲ್ಲಾ ಹಿಂಜಿನ ಮ್ಯಾಲ ಬೀಳ್ತೈತಿ.

ಹಿಂಜ್ ಅಂದ್ರ ಏನ್ ಅಂತ ತಿಳ್ಕೊಂಡಿರಿ, ಲ್ಯಾಪ್‌ಟಾಪಿನ ಮೊಣಕಾಲು ಅದು. ಮಂದಿ ಏನ್ ಮಾಡ್ತಾರ, ಒಂದು ಮೂಲಿ ಹಿಡದು ಎತ್ತಿ ತಗೀತಾರ, ದಿನಾ ಹತ್ತು ಸಲ. ಆ ಕಡೆ ಹಿಂಜಿನ ಸ್ಕ್ರೂ ಕೂತಿರೂದು ಪ್ಲಾಸ್ಟಿಕ್ಕಿನಾಗ ಕೂರಿಸಿದ ಸಣ್ಣ ಹಿತ್ತಾಳಿ ನಟ್ಟಿನ ಮ್ಯಾಲ, ಎರಡು ವರ್ಷಕ್ಕ ಆ ನಟ್ಟು ಕಿತ್ತು ಬರ್ತೈತಿ. ನಮ್ಮ ಲ್ಯಾಬಿನ್ಯಾಗ ಒಂದು ಮಷಿನ್ನು, ಮುಚ್ಚುವಾಗ ಕಟ್ ಅಂತ ಸಪ್ಪಳ ಬರ್ತಿತ್ತು, ಯಾರೂ ಹೇಳಲಿಲ್ಲ, ಒಂದಿನ ಮೂಲಿ ಬಾಯಿ ಬಿಟ್ಟು ಒಳಗಿನ ಕೇಬಲ್ ಕಾಣಾಕತ್ತಿತ್ತು, ಕೂದಲೆಳಿಯಂಥ ವೈರು, ಮೂರು ಹರದಿದ್ವು. ಸ್ಕ್ರೀನ್ ಚಲೋನ ಇತ್ತು ನೋಡ್ರಿ, ಕೇಬಲ್ ಸತ್ತಿತ್ತು. ನಡುವ ಹಿಡದು ತಗೀರಿ, ನಡುವ ಹಿಡದು ಮುಚ್ಚರಿ, ಇಷ್ಟ.

ಇದು ಸಣ್ಣ ಕಂಪನಿ ಅಗ್ಗದ ಮಾಲಿಗಷ್ಟ ಆಗೂದು ಅಂತ ತಿಳೀಬ್ಯಾಡ್ರಿ. ಆಪಲ್‌ದವರ 2016ರ 13 ಇಂಚಿನ ಮ್ಯಾಕ್‌ಬುಕ್ ಪ್ರೋದಾಗ ಡಿಸ್‌ಪ್ಲೇ ಕೇಬಲ್ ತೆರೆದು ಮುಚ್ಚಿ ಸವದು, ಸ್ಕ್ರೀನಿನ ಕೆಳಗ ನಾಟಕದ ಸ್ಟೇಜ್ ಲೈಟ್ ಹಾಕಿದಂಗ ಬೆಳಕಿನ ಚುಕ್ಕಿ ಬರ್ತಿದ್ವು, 2019ರ ಮೇದಾಗ ಅವರ ಪುಕ್ಕಟೆ ರಿಪೇರಿ ಘೋಷಣಾ ಮಾಡಿದ್ರು. ಕ್ಯಾಮೆರಾ ಮ್ಯಾಲ ಪ್ಲಾಸ್ಟಿಕ್ ಮುಚ್ಚಳ ಅಂಟಿಸ್ಕೊಂಡು ಮುಚ್ಚಬ್ಯಾಡ್ರಿ, ಸ್ಕ್ರೀನ್ ಒಡೀಬಹುದು ಅಂತ ಅವರ ವೆಬ್‌ಸೈಟಿನಾಗ ಬರದಾರ. ಅಷ್ಟು ತೆಳ್ಳಗ ಮಾಡ್ಯಾರ, ಅಡಿಕಿ ಹೋಳಂತೂ ಬಿಡ್ರಿ.

ಮಿಲಿಟರಿ ಗ್ರೇಡ್ ಅಂತ ಸ್ಟಿಕ್ಕರ್ ಹಚ್ಚಿರ್ತಾರ, ಎಂಐಎಲ್ ಎಸ್‌ಟಿಡಿ 810ಎಚ್, ಅಮೆರಿಕದ ಸೈನ್ಯದ ಪರೀಕ್ಷಾ ಮಾನದಂಡ ಅದು. ಅದರಾಗ ಉಷ್ಣ, ತೇವ, ಅಲುಗಾಟ, ಧೂಳ ಅಂತ ಭಾಳ ಟೆಸ್ಟ್ ಅದಾವು, ಯಾವ್ಯಾವು ಮಾಡಿಸ್ಬೇಕು ಅನ್ನೂದು ಕಂಪನಿಯವರ ಕೈಯಾಗ. ಸ್ಟಿಕ್ಕರ್ ನೋಡಿ ಕೆಳಗ ಒಗದು ಪರೀಕ್ಷಾ ಮಾಡಬ್ಯಾಡ್ರಿ.

---

ಪ್ಯಾನೆಲ್‌ಡಾಕ್ಟರ್

ಪ್ರೊಫೆಸರ್ ಸಾಹೇಬ್ರು ಹೇಳಿದ್ಮೇಲೆ ಹಿಂಜಿನ ಬಗ್ಗೆ ನಾನು ಸೇರಿಸೋದೇನಿಲ್ಲ.

ಐಪಿಎಸ್ ಯಾಕೆ ಸಪ್ಪೆ ಕಾಣ್ತು ಅಂದ್ರಲ್ಲ, ಶೋರೂಮಿನ ಆಟ ಅದು. ಓಎಲ್‌ಇಡಿ ಪಕ್ಕದಲ್ಲಿ ಅವರು ಇಟ್ಟಿರೋದು ಬಹುಶಃ 45 ಪರ್ಸೆಂಟ್ ಎನ್‌ಟಿಎಸ್‌ಸಿ (ಅಂದ್ರೆ ತೋರಿಸೋ ಬಣ್ಣಗಳು ಕಮ್ಮಿ), 250 ನಿಟ್ಸ್ (ಬೆಳಕಿನ ಅಳತೆ) ಪ್ಯಾನೆಲ್ಲು, ಐಪಿಎಸ್ ಮನೆಯ ಬಡ ತಮ್ಮ. ಅದರಲ್ಲಿ ಕೆಂಪು ಸೀರೆ ಇಟ್ಟಿಗೆ ಬಣ್ಣಕ್ಕೆ ಕಾಣುತ್ತೆ. 100 ಪರ್ಸೆಂಟ್ ಎಸ್‌ಆರ್‌ಜಿಬಿ (ಇದೂ ಬಣ್ಣದ ಅಳತೆನೇ), 300 ಅಥವಾ 400 ನಿಟ್ಸ್ ಅಂತ ಬರೆದಿರೋ ಐಪಿಎಸ್ ಕೇಳಿ, ಅದೇ ಸೀರೆ ಹಾಕಿ ನೋಡಿ, ನಿಮ್ಮ ಮಗಳ ಚಿತ್ರಕ್ಕೂ ಅದು ಸಾಕು. ಕಪ್ಪು ಮಾತ್ರ ಓಎಲ್‌ಇಡಿ ಥರ ಬರಲ್ಲ, ಅದು ಒಪ್ಕೊಳ್ಳೇಬೇಕು, ಕತ್ತಲೆ ರೂಮಲ್ಲಿ ಸ್ವಲ್ಪ ಬೂದಿ ಬಣ್ಣ. ನಿಮ್ಮ ಯಕ್ಷಗಾನಕ್ಕೆ ಕಪ್ಪಿಗಿಂತ ಕೆಂಪು ಹಳದಿ ಮುಖ್ಯ ಅಲ್ವಾ. ಟಿಎನ್ ಪ್ಯಾನೆಲ್ ಅಂತ ಎಲ್‌ಸಿಡಿಲೇ ಹಳೇ ಜಾತಿ ಇನ್ನೂ ಕೆಲವು ಅಗ್ಗದ ಮಾಡಲಲ್ಲಿ ಬರುತ್ತೆ, ಸ್ವಲ್ಪ ವಾರೆ ನೋಡಿದ್ರೆ ಮನುಷ್ಯನ ಮುಖ ನೆಗೆಟಿವ್ ಆಗುತ್ತೆ, ಹತ್ರಾನೂ ಹೋಗ್ಬೇಡಿ. ಮಿನಿ ಎಲ್‌ಇಡಿ ಅಂತ ಇನ್ನೊಂದಿದೆ, ಎಲ್‌ಸಿಡಿನೇ, ಹಿಂದೆ ಸಾವಿರಾರು ಪುಟ್ಟ ದೀಪ, ಅಚ್ಚಿನ ಭಯ ಇಲ್ಲ, ನಿಮ್ಮ ಬಜೆಟ್ ಅಲ್ಲ.

ಈಗ ಯಾರೂ ಕೇಳದೇ ಇರೋ ವಿಷಯ, ನನ್ನ ಪ್ರಕಾರ ಅದೇ ಮುಖ್ಯ. ಒಡೆದ ಮೇಲೆ ಏನು? ಯಾಕಂದ್ರೆ ನಿಮ್ಮ ಮಂಡಿ, ನಿಮ್ಮ ಯಜಮಾನರು, ನಿಮ್ಮ ಮಗಳು, ಏಳು ವರ್ಷದಲ್ಲಿ ಒಂದ್ಸಲ ಏನಾದ್ರೂ ಆಗೇ ಆಗುತ್ತೆ. ಟಚ್ ಇಲ್ಲದ 15.6 ಇಂಚಿನ ಫುಲ್ ಎಚ್‌ಡಿ ಐಪಿಎಸ್, 30 ಪಿನ್ ಕನೆಕ್ಟರ್, ಇದು ರಿಪೇರಿ ಬಜಾರಿನ ಸೋನಾ ಮಸೂರಿ, ಎಲ್ಲಾ ಅಂಗಡಿಲೂ ಸಿಗುತ್ತೆ. ಹಿಂದುಗಡೆ ಸ್ಟಿಕ್ಕರಲ್ಲಿ ಎನ್‌ವಿ156ಎಫ್‌ಎಚ್‌ಎಂ ಅಂತಲೋ ಬಿ156ಎಚ್‌ಎಎನ್ ಅಂತಲೋ ನಂಬರ್ ಇರುತ್ತೆ, ಒಂದು ಕಂಪನಿದು ಇಲ್ದಿದ್ರೆ ಅದೇ ಅಳತೆ, ಅದೇ ಪಿನ್ನಿನ ಇನ್ನೊಂದು ಕಂಪನಿದು ಕೂರುತ್ತೆ. ನಾನು ಹಾಕಿಕೊಡೋದು ಐದಾರು ಸಾವಿರದ ಆಸುಪಾಸಲ್ಲಿ, ಅರ್ಧ ಗಂಟೆ ಕೆಲಸ, ಟೀ ಕುಡ್ಕೊಂಡು ಬನ್ನಿ ಅಂತೀನಿ. 14 ಇಂಚಿನ ಓಎಲ್‌ಇಡಿ ಬಂದ್ರೆ ಅದರ ಮೂರು ನಾಲ್ಕು ಪಟ್ಟು ಹೇಳ್ಬೇಕಾಗುತ್ತೆ, ಅದೂ ತರಿಸಿ ಹಾಕೋದು, ಮೇಲೆ ಗಾಜು ಅಂಟಿಸಿದ್ರೆ ಇನ್ನೂ ತಾಪತ್ರಯ. ಓಎಲ್‌ಇಡಿಲಿ ಒಂದು ಮೂಲೆ ಬಿರುಕು ಬಿಟ್ರೂ ಒಳಗೆ ಗಾಳಿ ತೇವ ಹೋಗಿ ಕಪ್ಪು ಮಚ್ಚೆ ದಿನಾ ಬೆಳೀತಾ ಹೋಗುತ್ತೆ, ಸಾವಯವ ವಸ್ತುಗೆ ತೇವನೇ ವಿಷ, ಅದಕ್ಕೇ ಅದನ್ನ ಅಷ್ಟು ಬಿಗಿಯಾಗಿ ಸೀಲ್ ಮಾಡಿರ್ತಾರೆ. ಎಲ್‌ಸಿಡಿಲಿ ಮೂಲೆ ಬಿರುಕು ಬಿಟ್ರೆ ಎಷ್ಟೋ ಸಲ ಅದೇ ಮೂಲೆಲಿ ನಿಂತಿರುತ್ತೆ, ಟೇಪ್ ಹಾಕಿ ಎರಡು ವರ್ಷ ಓಡಿಸಿದವರನ್ನ ನೋಡಿದೀನಿ.

ಆಕ್ಸಿಡೆಂಟಲ್ ಡ್ಯಾಮೇಜ್ ಅಂತ ಪ್ಲಾನ್ ಇರುತ್ತೆ, ಸಾಮಾನ್ಯ ವಾರಂಟಿಲಿ ಒಡೆದ ಸ್ಕ್ರೀನ್ ಬರಲ್ಲ, ಇದರಲ್ಲಿ ಬರುತ್ತೆ. ಓಎಲ್‌ಇಡಿನೇ ಬೇಕು ಅಂತ ಹಟ ಇದ್ರೆ ಇದನ್ನ ಮೂರು ವರ್ಷಕ್ಕೆ ಹಾಕಿಸ್ಕೊಳ್ಳಿ, ಬರ್ನ್‌ಇನ್ ಸೇರುತ್ತಾ ಇಲ್ವಾ ಅಂತ ವಾರಂಟಿ ಪೇಪರ್ ಓದ್ಕೊಳ್ಳಿ, ಸೇಲ್ಸ್ ಹುಡುಗನ ಬಾಯಿ ಮಾತು ಬೇಡ.

---

ಪೇಢೆ_ಪ್ರೊಫೆಸರ್

ಡಾಕ್ಟ್ರ ಮಾತಿಗೆ ಒಂದು ಸೇರಸ್ತೀನ್ರಿ. ಮಂಡಿಯಾಗ ಕೂತ ಜಾಗದಾಗ ಕೆಲಸ ಅಂದ್ರ ಒಂದು 22 ಇಂಚಿನ ಸಾದಾ ಮಾನಿಟರ್ ಯಾಕ ತಗೋಬಾರ್ದು? ಟ್ಯಾಲಿ ಎಲ್ಲಾ ಅದರ ಮ್ಯಾಲ. ಲ್ಯಾಪ್‌ಟಾಪ್ ಸ್ಕ್ರೀನಿಗೆ ದಿನಕ್ಕ 8 ತಾಸಿನ ಸವಕಳಿ ತಪ್ಪತೈತಿ, ಕುತ್ತಿಗಿ ನೋವೂ ಕಮ್ಮಿ, ಆವಾಗ ಓಎಲ್‌ಇಡಿ ತಗೊಂಡ್ರೂ ನಡೀತೈತಿ. ಕೀಬೋರ್ಡೂ ಬ್ಯಾರೆ ಇಟ್ರ ಅಡಿಕಿ ಇಡಾಕ ಜಾಗನೂ ಆತು.

---

ರೆಂಡರ್_ರಾಯ

ಎರಡು ದಿನ ಬಿಟ್ಟು ಬರ್ತಿದೀನಿ. ಡಾಕ್ಟ್ರೇ, ಬೂದು ಇಮೇಜ್ ಹಾಕಿ ನೋಡ್ದೆ.

ಇದೆ.

ಕೆಳಗಡೆ ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನ್ ಇರೋ ಜಾಗ ಉದ್ದಕ್ಕೆ ಒಂದು ಅಡ್ಡ ಪಟ್ಟಿ, ಮೇಲ್ಗಡೆಗಿಂತ ಒಂಚೂರು ಹಳದಿ. ಪ್ರಿವ್ಯೂ ಕಿಟಕಿಯ ಚೌಕದ ಅಂಚು ಕೂಡ ಕಾಣುತ್ತೆ, ಹುಡುಕಿದ್ರೆ. ಹೆಂಡತಿನ ಕರೆದು ತೋರಿಸಿದೆ, ಅವಳಿಗೆ ಮೊದಲು ಕಾಣ್ಲಿಲ್ಲ, ತೋರಿಸಿದ ಮೇಲೆ ಕಾಣ್ತು, ಈಗ ಇಬ್ರಿಗೂ ಸಿನಿಮಾ ನೋಡುವಾಗ ಆಕಾಶ ಬಂದ್ರೆ ಕಣ್ಣು ಅಲ್ಲೇ ಹೋಗುತ್ತೆ, ನೆಮ್ಮದಿಯಾಗಿದ್ದೆ ಸಾರ್ ನಾನು. ಬ್ರೈಟ್‌ನೆಸ್ ನಾನು ಯಾವಾಗ್ಲೂ ಫುಲ್ಲಲ್ಲೇ ಇಟ್ಟಿರ್ತಿದ್ದೆ, ಅದೇ ತಪ್ಪು ಅನ್ಸುತ್ತೆ. ಆದ್ರೂ ನಾನು ಮುಂದಿನ ಸಲನೂ ಓಎಲ್‌ಇಡಿನೇ ತಗೊಳ್ಳೋದು, ಕಲರ್ ಕೆಲಸಕ್ಕೆ ಮೂರ್ನಾಲ್ಕು ವರ್ಷಕ್ಕೆ ಹೆಂಗೂ ಬದಲಾಯಿಸ್ತೀನಿ. ಮಂಡಿಲೆಕ್ಕ, ನಿಂಗೆ ಹೇಳಿದ್ದು ವಾಪಸ್ ತಗೊಂಡೆ, ಏಳು ವರ್ಷ ಟ್ಯಾಲಿಗೆ ಬೇಡ.

---

ಪ್ಯಾನೆಲ್‌ಡಾಕ್ಟರ್

ಪ್ರಾಮಾಣಿಕವಾಗಿ ಬಂದು ಹೇಳಿದ್ರಲ್ಲ, ದೊಡ್ಡತನ. ಈಗಲೂ ಕಾಲ ಮಿಂಚಿಲ್ಲ, ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ಬೆಳಕು ಅರ್ಧ ಮಾಡಿದ್ರೆ ಆಯುಷ್ಯ ಎರಡು ಪಟ್ಟಿಗಿಂತ ಜಾಸ್ತಿನೇ ಸಿಗುತ್ತೆ. ಟೈಮ್‌ಲೈನನ್ನ ಆಗಾಗ ಮೇಲ್ಗಡೆ ಕೂರಿಸಿ ಕೆಲಸ ಮಾಡಿ, ಸವಕಲು ಹಂಚ್ಕೊಳ್ಳಲಿ. ಕಂಪನಿಯವರ ಪಿಕ್ಸೆಲ್ ರಿಫ್ರೆಶ್ (ಸವಕಲಿನ ವ್ಯತ್ಯಾಸ ಸರಿದೂಗಿಸೋ ಸೌಲಭ್ಯ) ಇದ್ರೆ ಓಡಿಸಿ, ಆದ್ರೆ ದಿನಾ ಬೇಡ.

---

ಮಂಡಿಲೆಕ್ಕ

ತಗೊಂಡೆ! 15.6 ಇಂಚು, ಫುಲ್ ಎಚ್‌ಡಿ, ಮ್ಯಾಟ್ ಐಪಿಎಸ್, 300 ನಿಟ್ಸ್, 100 ಪರ್ಸೆಂಟ್ ಎಸ್‌ಆರ್‌ಜಿಬಿ, ಟಚ್ ಇಲ್ಲ, 62 ಸಾವಿರಕ್ಕೆ ಸಿಕ್ತು. ಉಳಿದ ದುಡ್ಡಲ್ಲಿ ಪ್ರೊಫೆಸರ್ ಸಾರ್ ಹೇಳಿದ ಹಾಗೆ ಮಂಡಿಗೆ ಒಂದು ಮಾನಿಟರ್, ಮತ್ತೆ ಎರಡು ವರ್ಷದ ಆಕ್ಸಿಡೆಂಟಲ್ ಪ್ಲಾನ್. ಶೋರೂಮಲ್ಲಿ ಲೈಟ್ ಆಫ್ ಮಾಡಿ ಕಪ್ಪು ಇಮೇಜ್ ಹಾಕಿ ತೋರಿಸಿ ಅಂದೆ, ಸೇಲ್ಸ್ ಹುಡುಗ ಹುಚ್ಚನ ಥರ ನೋಡ್ದ, ಆಮೇಲೆ ಸ್ಟೋರ್ ರೂಮಿಗೆ ಕರ್ಕೊಂಡು ಹೋಗಿ ಬಾಗಿಲು ಹಾಕ್ದ. ಮೊದಲನೇ ಪೀಸಲ್ಲಿ ಎಡಗಡೆ ಕೆಳಗಿನ ಮೂಲೆಯಿಂದ ಬೆಳಕು ಬಾಗಿಲ ಸಂದಿಯಿಂದ ಬಂದ ಹಾಗೆ ಸೋರ್ತಿತ್ತು, ಬೇರೆ ಪೀಸ್ ಕೇಳಿದೆ, ಎರಡನೇದು ಪರವಾಗಿಲ್ಲ, ಮೂಲೆಲಿ ಒಂಚೂರು ಇದೆ, ತಲೆ ಸ್ವಲ್ಪ ಸರಿಸಿದ್ರೆ ಹೋಗುತ್ತೆ, ಅದು ಐಪಿಎಸ್ ಗ್ಲೋ ಅಂತೆ, ಸರಿನಾ ಡಾಕ್ಟ್ರೇ? ಸ್ಲೋ ಮೋಶನಲ್ಲೂ ಹಿಡಿದೆ, ಪಟ್ಟೆ ಇಲ್ಲ.

ಭಾವ ಈಗ ಓಎಲ್‌ಇಡಿನೇ ತಗೋಬೇಕಿತ್ತು ಅಂತಿದ್ದಾನೆ.

---

ಪ್ಯಾನೆಲ್‌ಡಾಕ್ಟರ್

ನೋಡೋ ಕೋನ ಬದಲಾಯಿಸಿದ್ರೆ ಹೋದ್ರೆ ಗ್ಲೋ, ಎಲ್ಲಿಂದ ನೋಡಿದ್ರೂ ಅಲ್ಲೇ ಇದ್ರೆ ಬ್ಲೀಡು, ಅಂದ್ರೆ ಬ್ಯಾಕ್‌ಲೈಟ್ ಸೋರಿಕೆ. ನಿಮ್ದು ಸರಿಯಿದೆ. ಬ್ಯಾಗಲ್ಲಿ ಹಾಕುವಾಗ ಚಾರ್ಜರ್ ಇಟ್ಟಿಗೆನ ಸ್ಕ್ರೀನ್ ಕಡೆ ಹಾಕ್ಬೇಡಿ, ಬಸ್ಸಲ್ಲಿ ಯಾರಾದ್ರೂ ಒರಗಿದ್ರೆ ನಡುವೆ ಬಿಳಿ ಮಚ್ಚೆ ಕೂರುತ್ತೆ. ಯಜಮಾನರಿಗೆ ಒಂದು ತಟ್ಟೆ ತಂದುಕೊಡಿ.

---

ಮಂಡಿಲೆಕ್ಕ

ತಟ್ಟೆ ಇಟ್ಟಿದೀನಿ, ಸ್ಟೀಲ್ದು. ಇವತ್ತು ಬೆಳಿಗ್ಗೆ ಬಂದು ನೋಡಿದ್ರೆ ತಟ್ಟೆ ತುಂಬಾ ಎಲೆ ಸುಣ್ಣ, ಸ್ಯಾಂಪಲ್ ಹೋಳು ಮಾನಿಟರಿನ ಸ್ಟ್ಯಾಂಡ್ ಮೇಲೆ.